ರೇಡಿಯೇಷನ್ ನಂತರ ಪಿಎಸ್‌ಎ ಏರಿಳಿದಾಗ: ಚಾರ್ಲ್ಸ್ ಹಗ್ಗಿನ್ಸ್ ಬದುಕಿನಿಂದ ತಿಳಿಯಬಹುದಾದದ್ದು

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೇಡಿಯೇಷನ್ ಮುಗಿದು ಒಂದೂವರೆ ವರ್ಷವಾಗಿದೆ ಎಂದುಕೊಳ್ಳಿ. ಕೆಲವು ತಿಂಗಳಿಗೊಮ್ಮೆ ರಕ್ತ ಕೊಟ್ಟು ಪಿಎಸ್‌ಎ ನೋಡಿಸಿಕೊಳ್ಳುತ್ತಿದ್ದೀರಿ. 1.4 ಇದ್ದದ್ದು 0.9 ಆಯಿತು, ಆಮೇಲೆ 0.6 ಆಯಿತು. ಮನೆಯವರೆಲ್ಲ ನಿರಾಳವಾಗಿದ್ದರು. ಈ ಸಲ ಲ್ಯಾಬ್‌ನಿಂದ ಮೊಬೈಲಿಗೆ ಬಂದ ರಿಪೋರ್ಟ್‌ನಲ್ಲಿ 1.1 ಎಂದಿದೆ. ಡಾಕ್ಟರನ್ನು ನೋಡುವುದು ಇನ್ನೂ ಹತ್ತು ದಿನಕ್ಕೆ. ಆ ಹತ್ತು ದಿನ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ. ಮಗ ಅಂತರ್ಜಾಲದಲ್ಲಿ ಹುಡುಕುತ್ತಾನೆ, ಹೆಂಡತಿ ದೇವರಿಗೆ ಹರಕೆ ಹೊರುತ್ತಾರೆ, ನೀವು ಮಾತ್ರ ಏನೂ ಆಗಿಲ್ಲ ಎಂಬಂತೆ ಪೇಪರ್ ಓದುತ್ತ ಕೂರುತ್ತೀರಿ.

ಈ ಅಂಕಿಯನ್ನು ಹೇಗೆ ಓದಬೇಕು ಎಂದು ತಿಳಿಯಲು ಒಬ್ಬ ವೈದ್ಯರ ಬದುಕನ್ನು ನೋಡುವುದು ಒಳ್ಳೆಯದು. ಅವರು ಚಾರ್ಲ್ಸ್ ಬ್ರೆಂಟನ್ ಹಗ್ಗಿನ್ಸ್. ಪ್ರಾಸ್ಟೇಟ್ ಕ್ಯಾನ್ಸರ್ ಪುರುಷ ಹಾರ್ಮೋನಿನ ಮಾತು ಕೇಳುತ್ತದೆ ಎಂದೂ, ಚಿಕಿತ್ಸೆಯ ಪರಿಣಾಮವನ್ನು ರಕ್ತದಲ್ಲಿ ಅಳೆಯಬಹುದು ಎಂದೂ ತೋರಿಸಿದವರು. ನೀವು ಇಂದು ರಕ್ತ ಕೊಟ್ಟು ಅಂಕಿಗಾಗಿ ಕಾಯುವ ಈ ಪದ್ಧತಿಯ ಹಿಂದೆ ಅವರ ಕೆಲಸವಿದೆ.

ಹಗ್ಗಿನ್ಸ್ ಹುಟ್ಟಿದ್ದು 1901ರ ಸೆಪ್ಟೆಂಬರ್ 22ರಂದು, ಕೆನಡಾದ ನೋವಾ ಸ್ಕಾಟಿಯಾ ಪ್ರಾಂತ್ಯದ ಹ್ಯಾಲಿಫ್ಯಾಕ್ಸ್ ಎಂಬ ಬಂದರು ಊರಿನಲ್ಲಿ. ತಂದೆ ಔಷಧ ತಯಾರಿಸಿ ಕೊಡುವ ಫಾರ್ಮಸಿಸ್ಟ್. ಹುಡುಗ ಓದಿನಲ್ಲಿ ಚುರುಕು. 1920ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ಅಕೇಡಿಯಾ ವಿಶ್ವವಿದ್ಯಾಲಯದಿಂದ ಪದವಿ ಪಡೆದು ಅಮೆರಿಕದ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಲು ಹೋದರು. 1924ರಲ್ಲಿ ಡಾಕ್ಟರಾದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸರ್ಜರಿ ಕಲಿತರು. 1927ರಲ್ಲಿ ಮಾರ್ಗರೆಟ್ ವೆಲ್‌ಮನ್ ಅವರನ್ನು ಮದುವೆಯಾದರು. ಅದೇ ವರ್ಷ ಶಿಕಾಗೊ ವಿಶ್ವವಿದ್ಯಾಲಯ ಹೊಸದಾಗಿ ಕಟ್ಟುತ್ತಿದ್ದ ವೈದ್ಯಕೀಯ ವಿಭಾಗಕ್ಕೆ ಸೇರಿದರು. ಕೊನೆಯವರೆಗೂ ಅದೇ ಅವರ ಊರು.

ಶಿಕಾಗೊದಲ್ಲಿ ಅವರಿಗೆ ಒಪ್ಪಿಸಿದ ವಿಭಾಗ ಯುರಾಲಜಿ, ಅಂದರೆ ಮೂತ್ರಕೋಶ ಮತ್ತು ಪ್ರಾಸ್ಟೇಟ್‌ಗೆ ಸಂಬಂಧಪಟ್ಟದ್ದು. ಅದರಲ್ಲಿ ಅವರಿಗೆ ವಿಶೇಷ ತರಬೇತಿ ಇರಲಿಲ್ಲ. ಪುಸ್ತಕ ಇಟ್ಟುಕೊಂಡು ತಾವೇ ಕಲಿತರು. ಆದರೆ ಅವರ ಮನಸ್ಸು ಆಪರೇಷನ್ ಥಿಯೇಟರಿಗಿಂತ ಪ್ರಯೋಗಾಲಯದ ಕಡೆಗೇ ಎಳೆಯುತ್ತಿತ್ತು. 1930ರ ದಶಕದ ಆರಂಭದಲ್ಲಿ ಯುರೋಪಿಗೆ ಹೋಗಿ, ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ರಾಬರ್ಟ್ ರಾಬಿಸನ್ ಅವರ ಬಳಿ ಕೆಲಸ ಮಾಡಿದರು. ರಾಬಿಸನ್ ಅಧ್ಯಯನ ಮಾಡುತ್ತಿದ್ದದ್ದು ಫಾಸ್ಫಟೇಸ್ ಎಂಬ ಕಿಣ್ವಗಳನ್ನು. ಆಗ ಇದಕ್ಕೂ ಪ್ರಾಸ್ಟೇಟ್‌ಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದ್ದರೆ ಉತ್ತರ ಸಿಗುತ್ತಿರಲಿಲ್ಲ. ಹತ್ತು ವರ್ಷದ ನಂತರ ಅದೇ ಕಿಣ್ವ ಅವರ ಕೈ ಹಿಡಿಯಿತು.

ನಾಯಿಗಳಿಂದ ಮನುಷ್ಯರಿಗೆ

ಪ್ರಾಸ್ಟೇಟ್ ಗ್ರಂಥಿ ಏಕೆ ಇದೆ, ಅದು ಏನು ಸ್ರವಿಸುತ್ತದೆ, ಎಷ್ಟು ಸ್ರವಿಸುತ್ತದೆ ಎಂಬುದು ಆ ಕಾಲದಲ್ಲಿ ಸರಿಯಾಗಿ ಗೊತ್ತಿರಲಿಲ್ಲ. ಹಗ್ಗಿನ್ಸ್ 1939ರಲ್ಲಿ ಒಂದು ಉಪಾಯ ಮಾಡಿದರು. ನಾಯಿಯ ಪ್ರಾಸ್ಟೇಟ್‌ನಿಂದ ಬರುವ ದ್ರವ ಮೂತ್ರದೊಂದಿಗೆ ಬೆರೆಯದೆ ಪ್ರತ್ಯೇಕವಾಗಿ ಹೊರಬರುವಂತೆ ಶಸ್ತ್ರಚಿಕಿತ್ಸೆ ಮಾಡಿದರು. ಹೀಗಾಗಿ ಒಂದೇ ನಾಯಿಯಲ್ಲಿ ತಿಂಗಳುಗಟ್ಟಲೆ ಆ ದ್ರವವನ್ನು ಅಳೆಯಲು ಸಾಧ್ಯವಾಯಿತು. ವೃಷಣಗಳನ್ನು ತೆಗೆದರೆ ಸ್ರಾವ ನಿಲ್ಲುತ್ತಿತ್ತು, ಗ್ರಂಥಿ ಕುಗ್ಗುತ್ತಿತ್ತು. ಟೆಸ್ಟೋಸ್ಟೆರಾನ್ ಕೊಟ್ಟರೆ ಮತ್ತೆ ಶುರುವಾಗುತ್ತಿತ್ತು. ಸ್ತ್ರೀ ಹಾರ್ಮೋನ್ ಕೊಟ್ಟರೆ ಮತ್ತೆ ಇಳಿಯುತ್ತಿತ್ತು.

ವಯಸ್ಸಾದ ಕೆಲವು ನಾಯಿಗಳಿಗೆ ಪ್ರಾಸ್ಟೇಟ್‌ನಲ್ಲಿ ತಾನಾಗಿಯೇ ಗಡ್ಡೆ ಬೆಳೆದಿರುತ್ತಿತ್ತು. ಮೊದಮೊದಲು ಇದು ಪ್ರಯೋಗವನ್ನು ಕೆಡಿಸುವ ಕಿರಿಕಿರಿಯಾಗಿಯೇ ಕಂಡಿತು. ಆದರೆ ವೃಷಣ ತೆಗೆದ ಮೇಲೆ ಆ ಗಡ್ಡೆಗಳೂ ಕುಗ್ಗಿದವು. ಹಾಗಾದರೆ ಮನುಷ್ಯನ ಪ್ರಾಸ್ಟೇಟ್ ಕ್ಯಾನ್ಸರೂ ಹೀಗೆಯೇ ಇರಬಹುದೇ?

ಅಂದಿನ ನಂಬಿಕೆ ಇದಕ್ಕೆ ತದ್ವಿರುದ್ಧ. ಕ್ಯಾನ್ಸರ್ ಕೋಶ ಯಾರ ಹಿಡಿತಕ್ಕೂ ಸಿಗದೆ ತನ್ನಷ್ಟಕ್ಕೆ ಬೆಳೆಯುತ್ತದೆ ಎಂದೇ ಹೆಚ್ಚಿನವರು ತಿಳಿದಿದ್ದರು. ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗೆ ನೋವಿನ ಔಷಧ ಬಿಟ್ಟರೆ ಕೊಡಲು ಹೆಚ್ಚೇನೂ ಇರಲಿಲ್ಲ. ಹಗ್ಗಿನ್ಸ್ ಅಂಥ ರೋಗಿಗಳ ವೃಷಣಗಳನ್ನು ತೆಗೆದರು. ಕೆಲವರಿಗೆ ಆಗಷ್ಟೇ ಇಂಗ್ಲೆಂಡಿನಲ್ಲಿ ತಯಾರಾಗಿದ್ದ ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಸ್ತ್ರೀ ಹಾರ್ಮೋನ್ ಕೊಟ್ಟರು. ಹಾಸಿಗೆ ಹಿಡಿದಿದ್ದ ಹಲವರ ನೋವು ಇಳಿಯಿತು. ಎದ್ದು ಓಡಾಡಿದವರೂ ಇದ್ದರು.

ನೋವು ಇಳಿಯಿತು ಎಂಬ ಮಾತು ಮಾತ್ರ ಸಾಕಾಗುವುದಿಲ್ಲ ಎಂದು ಹಗ್ಗಿನ್ಸ್‌ಗೆ ಗೊತ್ತಿತ್ತು. ಅಳತೆ ಬೇಕಿತ್ತು. ನ್ಯೂಯಾರ್ಕ್‌ನ ಅಲೆಕ್ಸಾಂಡರ್ ಮತ್ತು ಎಥೆಲ್ ಗುಟ್‌ಮನ್ ದಂಪತಿ ಕೆಲವೇ ವರ್ಷಗಳ ಹಿಂದೆ ಒಂದು ವಿಷಯ ಕಂಡುಕೊಂಡಿದ್ದರು: ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವವರ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಹೆಚ್ಚಿರುತ್ತದೆ. ಹಗ್ಗಿನ್ಸ್ ಮತ್ತು ಅವರ ಕಿರಿಯ ಸಹೋದ್ಯೋಗಿ ಕ್ಲಾರೆನ್ಸ್ ಹಾಡ್ಜಸ್ ತಮ್ಮ ರೋಗಿಗಳ ರಕ್ತದಲ್ಲಿ ಇದನ್ನು ಮತ್ತೆ ಮತ್ತೆ ಅಳೆದರು. ಪುರುಷ ಹಾರ್ಮೋನ್ ನಿಂತಾಗ ಅಂಕಿ ಇಳಿಯಿತು. ಟೆಸ್ಟೋಸ್ಟೆರಾನ್ ಕೊಟ್ಟಾಗ ಏರಿತು. ಈ ಎರಡನೆಯ ಭಾಗ ಬೆರಳೆಣಿಕೆಯ ರೋಗಿಗಳ ಮೇಲೆ ನಿಂತದ್ದು ಎಂದು ಮುಂದಿನ ತಲೆಮಾರಿನ ವೈದ್ಯರು ಆಕ್ಷೇಪ ಎತ್ತಿದ್ದಾರೆ, ಅದರಲ್ಲಿ ಹುರುಳಿದೆ. ಆದರೂ ಹಾರ್ಮೋನ್ ಇಳಿಸಿದರೆ ರೋಗ ತಗ್ಗುತ್ತದೆ ಎಂಬ ಮುಖ್ಯ ಮಾತು ಇಂದಿಗೂ ನಿಂತಿದೆ. 1941ರಲ್ಲಿ ಪ್ರಕಟವಾದ ಆ ಲೇಖನವೇ ನಿಮಗೆ ಇಂದು ಕೊಡುವ ಹಾರ್ಮೋನ್ ಇಂಜೆಕ್ಷನ್‌ನ ಬುನಾದಿ.

ಒಳ್ಳೆಯದಕ್ಕೇ ಏರಿದ ಅಂಕಿ

ಆ ಲೇಖನದಲ್ಲಿ ಇನ್ನೊಂದು ವಿಷಯವಿದೆ. ನಿಮ್ಮಂಥವರಿಗೆ ನೊಬೆಲ್ ಬಂದ ಭಾಗಕ್ಕಿಂತ ಇದೇ ಮುಖ್ಯ ಎಂದು ನನಗೆ ಅನ್ನಿಸುತ್ತದೆ.

ಹಗ್ಗಿನ್ಸ್ ಒಂದೇ ರಕ್ತದಲ್ಲಿ ಎರಡು ಕಿಣ್ವಗಳನ್ನು ಅಳೆಯುತ್ತಿದ್ದರು. ಒಂದು ಪ್ರಾಸ್ಟೇಟ್‌ನಿಂದ ಬರುವ ಆಸಿಡ್ ಫಾಸ್ಫಟೇಸ್. ಇನ್ನೊಂದು ಮೂಳೆ ಕಟ್ಟುವ ಕೋಶಗಳಿಂದ ಬರುವ ಆಲ್ಕಲೈನ್ ಫಾಸ್ಫಟೇಸ್. ಮೂಳೆಗೆ ಹರಡಿದ ಕ್ಯಾನ್ಸರ್‌ನಲ್ಲಿ ಎರಡೂ ಹೆಚ್ಚಿರುತ್ತವೆ. ಚಿಕಿತ್ಸೆಯ ನಂತರ ಮೊದಲನೆಯದು ಇಳಿಯಿತು. ಎರಡನೆಯದು ಇಳಿಯುವ ಬದಲು ಕೆಲಕಾಲ ಇನ್ನೂ ಏರಿತು, ಆಮೇಲೆ ನಿಧಾನವಾಗಿ ಇಳಿಯಿತು. ಕ್ಯಾನ್ಸರ್ ಹಿಂದೆ ಸರಿದ ಜಾಗದಲ್ಲಿ ಮೂಳೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತಿತ್ತು, ಆ ಕೆಲಸದ ಗುರುತು ರಕ್ತದಲ್ಲಿ ಕಾಣುತ್ತಿತ್ತು. ಎರಡನೆಯ ಅಂಕಿ ಏರಿದ ವಾರದಲ್ಲಿ ಅದೊಂದನ್ನೇ ನೋಡಿದ್ದರೆ ಯಾರಾದರೂ ರೋಗ ಉಲ್ಬಣಿಸಿದೆ ಎಂದೇ ಹೇಳುತ್ತಿದ್ದರು. ನಿಜಕ್ಕೂ ಆ ರೋಗಿ ಗುಣದ ಹಾದಿಯಲ್ಲಿದ್ದರು.

ಈಗ ನಿಮ್ಮ 0.6 ಮತ್ತು 1.1ಕ್ಕೆ ಬರೋಣ.

ಆಪರೇಷನ್ ಮಾಡಿ ಪ್ರಾಸ್ಟೇಟ್ ತೆಗೆದವರಲ್ಲಿ ಪಿಎಸ್‌ಎ ಕೆಲವೇ ವಾರಗಳಲ್ಲಿ ಸೊನ್ನೆಯ ಹತ್ತಿರ ಬರಬೇಕು, ಏಕೆಂದರೆ ಅದನ್ನು ತಯಾರಿಸುವ ಗ್ರಂಥಿಯೇ ಇಲ್ಲ. ರೇಡಿಯೇಷನ್‌ನಲ್ಲಿ ಗ್ರಂಥಿ ಒಳಗೇ ಉಳಿಯುತ್ತದೆ. ವಿಕಿರಣ ಕ್ಯಾನ್ಸರ್ ಕೋಶಗಳನ್ನು ಅಂದೇ ಸುಟ್ಟುಬಿಡುವುದಿಲ್ಲ. ಅವುಗಳ ಡಿಎನ್‌ಎಯನ್ನು ಹಾಳುಮಾಡುತ್ತದೆ. ಆ ಕೋಶ ಮುಂದೆ ಎಂದಾದರೂ ಎರಡಾಗಲು ಹೊರಟಾಗ ಸಾಯುತ್ತದೆ. ಪ್ರಾಸ್ಟೇಟ್ ಕೋಶಗಳು ನಿಧಾನವಾಗಿ ಒಡೆಯುವಂಥವು. ಆದ್ದರಿಂದ ಪಿಎಸ್‌ಎ ತನ್ನ ತಳಮಟ್ಟ ಮುಟ್ಟಲು ಒಂದೂವರೆ ವರ್ಷದಿಂದ ಮೂರು ವರ್ಷ, ಕೆಲವರಲ್ಲಿ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಉಳಿದ ಆರೋಗ್ಯವಂತ ಕೋಶಗಳು ಸ್ವಲ್ಪ ಪಿಎಸ್‌ಎ ತಯಾರಿಸುತ್ತಲೂ ಇರಬಹುದು.

ಇಳಿಯುವ ಈ ದಾರಿ ನೇರವಾಗಿರುವುದಿಲ್ಲ. ರೇಡಿಯೇಷನ್ ಆದ ಒಂದರಿಂದ ಎರಡು ವರ್ಷದ ಆಸುಪಾಸಿನಲ್ಲಿ ಪಿಎಸ್‌ಎ ಒಮ್ಮೆ ಏರಿ, ಕೆಲವು ತಿಂಗಳಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ಮತ್ತೆ ಇಳಿಯುವುದುಂಟು. ಡಾಕ್ಟರುಗಳು ಇದನ್ನು ಪಿಎಸ್‌ಎ ಬೌನ್ಸ್ ಎನ್ನುತ್ತಾರೆ. ಗ್ರಂಥಿಯೊಳಗೆ ವಿಕಿರಣದ ಸಣ್ಣ ಬೀಜಗಳನ್ನು ಇಡುವ ಬ್ರಾಕಿಥೆರಪಿ ಮಾಡಿಸಿಕೊಂಡವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಆಗುತ್ತದೆ. ಹೊರಗಿನಿಂದ ಕಿರಣ ಕೊಟ್ಟವರಲ್ಲೂ ಆಗುತ್ತದೆ. ವಯಸ್ಸು ಕಡಿಮೆ ಇದ್ದವರಲ್ಲಿ ಹೆಚ್ಚು. ವಿಕಿರಣದಿಂದ ಗ್ರಂಥಿಯಲ್ಲಿ ತಡವಾಗಿ ಏಳುವ ಉರಿಯೂತವೇ ಇದಕ್ಕೆ ಮುಖ್ಯ ಕಾರಣವೆಂದು ಹೆಚ್ಚಿನ ತಜ್ಞರ ಅಂದಾಜು. ಬೌನ್ಸ್ ಆಯಿತು ಎಂದ ಮಾತ್ರಕ್ಕೆ ಕ್ಯಾನ್ಸರ್ ಮರಳಿದೆ ಎಂದಲ್ಲ.

ಹಾಗಾದರೆ ಯಾವಾಗ ಚಿಂತಿಸಬೇಕು? 2005ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಸೇರಿದ ತಜ್ಞರು ಒಂದು ಗೆರೆ ಹಾಕಿದರು, ಅದನ್ನೇ ಇಂದು ಎಲ್ಲೆಡೆ ಬಳಸುತ್ತಾರೆ. ರೇಡಿಯೇಷನ್ ನಂತರ ನಿಮ್ಮ ಪಿಎಸ್‌ಎ ಮುಟ್ಟಿದ ಅತಿ ಕಡಿಮೆ ಅಂಕಿಗೆ 2 ಸೇರಿಸಿ. ನಿಮ್ಮ ತಳ 0.6 ಆದರೆ ಗೆರೆ 2.6. ಅದನ್ನು ದಾಟಿದರೆ ಮಾತ್ರ ರೋಗ ಮರುಕಳಿಸಿರಬಹುದೆಂದು ಮುಂದಿನ ತಪಾಸಣೆಗೆ ಹೊರಡುತ್ತಾರೆ. ಬೌನ್ಸ್‌ನಲ್ಲೇ ಈ ಗೆರೆ ದಾಟಿ ಹಿಂತಿರುಗಿದವರೂ ಇದ್ದಾರೆ, ಆದ್ದರಿಂದ ದಾಟಿದ ಮೇಲೂ ಡಾಕ್ಟರು ಮತ್ತೊಮ್ಮೆ ರಕ್ತ ನೋಡಿಯೇ ಮಾತಾಡುತ್ತಾರೆ. ಪಕ್ಕದ ಮನೆಯವರು ಆಪರೇಷನ್ ಮಾಡಿಸಿಕೊಂಡಿದ್ದರೆ ಅವರ ಲೆಕ್ಕವೇ ಬೇರೆ, ಅವರಿಗೆ 0.2 ಕೂಡ ದೊಡ್ಡ ಅಂಕಿ. ಅವರ ರಿಪೋರ್ಟ್ ಜೊತೆ ನಿಮ್ಮದನ್ನು ಹೋಲಿಸಬೇಡಿ.

ಇಂಜೆಕ್ಷನ್ ನಿಂತ ಮೇಲೆ

ನಿಮಗೆ ರೇಡಿಯೇಷನ್ ಜೊತೆ ಹಾರ್ಮೋನ್ ಇಂಜೆಕ್ಷನ್ ಕೂಡ ಕೊಟ್ಟಿದ್ದರೆ ಇನ್ನೊಂದು ಕಾರಣ ಸೇರುತ್ತದೆ. ಇದು ಹಗ್ಗಿನ್ಸ್ ನಾಯಿಗಳ ಕಥೆಯೇ, ನಿಮ್ಮ ದೇಹದಲ್ಲಿ ನಿಧಾನವಾಗಿ ನಡೆಯುವಂಥದ್ದು. ಇಂಜೆಕ್ಷನ್ ಇರುವಷ್ಟು ಕಾಲ ಟೆಸ್ಟೋಸ್ಟೆರಾನ್ ನೆಲ ಕಚ್ಚಿರುತ್ತದೆ, ಪಿಎಸ್‌ಎ 0.01, 0.02 ಹೀಗೆ ಬರುತ್ತದೆ. ಆ ಅಂಕಿಯ ಮೇಲೆ ನಿಮಗೆ ಮೋಹ ಹುಟ್ಟುತ್ತದೆ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಟೆಸ್ಟೋಸ್ಟೆರಾನ್ ತಿಂಗಳುಗಳಲ್ಲಿ, ಕೆಲವರಲ್ಲಿ ಒಂದು ವರ್ಷಕ್ಕೂ ಮೀರಿ, ನಿಧಾನವಾಗಿ ಮರಳುತ್ತದೆ. ವಯಸ್ಸಾದವರಲ್ಲಿ ಪೂರ್ತಿ ಮರಳದಿರುವುದೂ ಉಂಟು. ಅದು ಮರಳಿದಾಗ ಉಳಿದ ಆರೋಗ್ಯವಂತ ಪ್ರಾಸ್ಟೇಟ್ ಕೋಶಗಳೂ ಎಚ್ಚರಗೊಂಡು ಪಿಎಸ್‌ಎ ತಯಾರಿಸುತ್ತವೆ. 0.02 ಇದ್ದದ್ದು 0.3, 0.5 ಆಗುತ್ತದೆ. ಅಂಕಿ ಇಪ್ಪತ್ತು ಪಟ್ಟು ಏರಿತು ಎಂದು ಲೆಕ್ಕ ಹಾಕಿ ಗಾಬರಿಯಾಗುವವರನ್ನು ನಾನು ನೋಡಿದ್ದೇನೆ. ಅದು ಅಲ್ಲಿಗೇ ನಿಂತು ಸಮತಟ್ಟಾದರೆ ಸಾಮಾನ್ಯವಾಗಿ ಹಾರ್ಮೋನ್ ಮರಳಿದ್ದರ ಗುರುತು. ಟೆಸ್ಟೋಸ್ಟೆರಾನ್ ಏರದೆ ಪಿಎಸ್‌ಎ ಮಾತ್ರ ಏರುತ್ತಿದ್ದರೆ ಅದನ್ನು ಡಾಕ್ಟರು ಬೇರೆಯಾಗಿಯೇ ನೋಡುತ್ತಾರೆ. ಎರಡನ್ನೂ ಒಂದೇ ದಿನದ ರಕ್ತದಲ್ಲಿ ನೋಡಿಸಬಹುದೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಹಗ್ಗಿನ್ಸ್ ಎರಡು ಕಿಣ್ವಗಳನ್ನು ಒಟ್ಟಿಗೆ ನೋಡಿದ ಹಾಗೆ.

ಇನ್ನು ಸಣ್ಣ ಕಾರಣಗಳು. ಮೂತ್ರದ ಸೋಂಕು, ಮೂತ್ರನಾಳಕ್ಕೆ ಕೊಳವೆ ಹಾಕಿದ್ದು, ರಕ್ತ ಕೊಡುವ ಹಿಂದಿನ ಒಂದೆರಡು ದಿನದಲ್ಲಿ ವೀರ್ಯಸ್ಖಲನ ಆಗಿದ್ದು, ದೂರ ಸೈಕಲ್ ತುಳಿದದ್ದು, ಇವೆಲ್ಲ ಅಂಕಿಯನ್ನು ಸ್ವಲ್ಪ ಏರಿಸಬಹುದು. ಬೇರೆ ಬೇರೆ ಲ್ಯಾಬ್‌ಗಳ ಯಂತ್ರಗಳು ಒಂದೇ ರಕ್ತಕ್ಕೆ ಬೇರೆ ಬೇರೆ ಅಂಕಿ ಕೊಡಬಹುದು. ಮುಂಬೈಯಲ್ಲಿ ಚಿಕಿತ್ಸೆ ಪಡೆದು ಊರಿಗೆ ಹೋದಾಗ ಅಲ್ಲಿನ ಲ್ಯಾಬ್‌ನಲ್ಲಿ ರಕ್ತ ಕೊಟ್ಟರೆ ಈ ಗೊಂದಲ ಖಂಡಿತ. ಸಾಧ್ಯವಾದಷ್ಟು ಒಂದೇ ಲ್ಯಾಬ್ ಇಟ್ಟುಕೊಳ್ಳಿ. ಕೂದಲಿಗೆ, ಉಗುರಿಗೆ ಎಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ. ಹೆಚ್ಚು ಪ್ರಮಾಣದಲ್ಲಿ ಅದು ಕೆಲವು ಯಂತ್ರಗಳಲ್ಲಿ ಪಿಎಸ್‌ಎಯನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳೂ ಅಂಕಿಯನ್ನು ಇಳಿಸುತ್ತವೆ. ಸುಳ್ಳು ಸಮಾಧಾನ ಸುಳ್ಳು ಗಾಬರಿಗಿಂತ ಕೆಟ್ಟದ್ದು.

ಹಗ್ಗಿನ್ಸ್ ಎಡವಿದ ಕಡೆ

ಅಂಕಿಯನ್ನು ಇಷ್ಟು ಚೆನ್ನಾಗಿ ಓದಬಲ್ಲವರೂ ಒಮ್ಮೆ ಅದಕ್ಕೆ ಮರುಳಾದರು. 1949ರಲ್ಲಿ ಹಗ್ಗಿನ್ಸ್ ಮತ್ತು ಜೊತೆಗಾರರು ಯಾವುದೇ ಕ್ಯಾನ್ಸರನ್ನು ರಕ್ತದಿಂದ ಹಿಡಿಯುವ ಪರೀಕ್ಷೆಯೊಂದನ್ನು ಮುಂದಿಟ್ಟರು. ಬಿಸಿ ಮಾಡಿದಾಗ ರಕ್ತದ ಪ್ರೋಟೀನು ಹೇಗೆ ಗಟ್ಟಿಯಾಗುತ್ತದೆ ಎಂಬುದರ ಮೇಲೆ ನಿಂತ ಪರೀಕ್ಷೆ ಅದು. ಬಹಳ ಸುದ್ದಿಯಾಯಿತು. ಬೇರೆ ಆಸ್ಪತ್ರೆಗಳು ಮಾಡಿ ನೋಡಿದಾಗ ಕ್ಯಾನ್ಸರ್ ಇಲ್ಲದ ಇತರ ಕಾಯಿಲೆಗಳಲ್ಲೂ ಅದೇ ಫಲಿತಾಂಶ ಬಂತು. ಪರೀಕ್ಷೆ ಮೂಲೆ ಸೇರಿತು. ಒಬ್ಬರೇ ಮನುಷ್ಯರನ್ನು ತಿಂಗಳುಗಟ್ಟಲೆ ಹಿಂಬಾಲಿಸಿದಾಗ ಅಂಕಿ ಅವರಿಗೆ ನಿಜ ಹೇಳಿತ್ತು; ಅಪರಿಚಿತನ ಒಂದೇ ಒಂದು ರಕ್ತದ ಮಾದರಿಯಿಂದ ತೀರ್ಪು ಕೊಡಹೋದಾಗ ಕೈಕೊಟ್ಟಿತು.

ಹಾರ್ಮೋನ್ ಚಿಕಿತ್ಸೆಯೂ ಎಲ್ಲರಿಗೂ ಕೊನೆಯವರೆಗೆ ಕೆಲಸ ಮಾಡಲಿಲ್ಲ. ಅವರ ಮೊದಲ 21 ರೋಗಿಗಳಲ್ಲಿ 12 ವರ್ಷಕ್ಕಿಂತ ಹೆಚ್ಚು ಬದುಕಿದವರು ನಾಲ್ವರು. ಉಳಿದವರಲ್ಲಿ ರೋಗ ಮರಳಿತು. ಹಾರ್ಮೋನಿನ ಇನ್ನೊಂದು ಮೂಲವಾದ ಅಡ್ರಿನಲ್ ಗ್ರಂಥಿಗಳನ್ನು ತೆಗೆದು ನೋಡಿದರು. 1945ರ ಹೊತ್ತಿಗೆ ಆ ಗ್ರಂಥಿಗಳಿಲ್ಲದೆ ಬದುಕಿಸಲು ಬೇಕಾದ ಕಾರ್ಟಿಸೋನ್ ಸಿಗುತ್ತಿರಲಿಲ್ಲ, ರೋಗಿಗಳು ಉಳಿಯಲಿಲ್ಲ. ಕಾರ್ಟಿಸೋನ್ ಬಂದ ಮೇಲೆ ಮತ್ತೆ ಆ ದಾರಿ ಹಿಡಿದರು, ಸ್ತನ ಕ್ಯಾನ್ಸರ್‌ನ ಕೆಲವು ರೋಗಿಗಳಿಗೂ ಅದರಿಂದ ಅನುಕೂಲವಾಯಿತು. 1951ರಲ್ಲಿ ಶುರುವಾದ ಬೆನ್ ಮೇ ಪ್ರಯೋಗಾಲಯಕ್ಕೆ ಹದಿನೆಂಟು ವರ್ಷ ಮುಖ್ಯಸ್ಥರಾಗಿದ್ದರು. ದೊಡ್ಡ ತಂಡ ಕಟ್ಟುವುದು ಅವರಿಗೆ ಒಗ್ಗುತ್ತಿರಲಿಲ್ಲ. ಸ್ವತಃ ಕೈಯಿಂದ ಪ್ರಯೋಗ ಮಾಡುವ ಅಭ್ಯಾಸ ಮುಪ್ಪಿನಲ್ಲೂ ಬಿಡಲಿಲ್ಲ. 1966ರಲ್ಲಿ, ಆ ಲೇಖನ ಬಂದು 25 ವರ್ಷದ ಮೇಲೆ, ಪೇಟನ್ ರೌಸ್ ಅವರೊಂದಿಗೆ ನೊಬೆಲ್ ಹಂಚಿಕೊಂಡರು.

ಆಸಿಡ್ ಫಾಸ್ಫಟೇಸ್‌ನ ಜಾಗಕ್ಕೆ ಪಿಎಸ್‌ಎ ಬಂದದ್ದನ್ನೂ ಅವರು ನೋಡಿದರು. 1979ರಲ್ಲಿ ಅಮೆರಿಕದ ರಾಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿ ಆ ಪ್ರೋಟೀನನ್ನು ಪ್ರಾಸ್ಟೇಟ್‌ನಿಂದ ಶುದ್ಧವಾಗಿ ಬೇರ್ಪಡಿಸಿದರು. 1986ರಲ್ಲಿ ಅಮೆರಿಕ ಸರ್ಕಾರ ಈ ಪರೀಕ್ಷೆಗೆ ಮೊದಲು ಒಪ್ಪಿಗೆ ಕೊಟ್ಟದ್ದು ಕ್ಯಾನ್ಸರ್ ಹುಡುಕಲು ಅಲ್ಲ, ಈಗಾಗಲೇ ಕ್ಯಾನ್ಸರ್ ಇರುವವರ ಮೇಲೆ ನಿಗಾ ಇಡಲು. ನೀವು ಇಂದು ಬಳಸುತ್ತಿರುವುದು ಅದೇ ಕೆಲಸಕ್ಕೆ.

ನಿಗಾ ಎಂದರೆ ಸುಮ್ಮನೆ ಕೂರುವುದಲ್ಲ. ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಲ್ಯಾಬ್ ಹೆಸರು, ಪಿಎಸ್‌ಎ, ನೋಡಿಸಿದ್ದರೆ ಟೆಸ್ಟೋಸ್ಟೆರಾನ್, ಕೊನೆಯ ಇಂಜೆಕ್ಷನ್ ಹಾಕಿಸಿದ ದಿನ, ಆ ವಾರ ಜ್ವರ ಅಥವಾ ಉರಿಮೂತ್ರ ಇತ್ತೇ ಎಂಬುದನ್ನು ಬರೆದಿಡಿ. ಏರಿದ ಅಂಕಿ ಮುಂದಿನ ಸಲವೂ, ಅದರ ಮುಂದಿನ ಸಲವೂ ಏರುತ್ತಲೇ ಇದ್ದರೆ, ಅದರಲ್ಲೂ ಕೆಲವೇ ತಿಂಗಳಲ್ಲಿ ದುಪ್ಪಟ್ಟಾದರೆ, ಗೆರೆ ದಾಟುವವರೆಗೆ ಕಾಯದೆ ಡಾಕ್ಟರಿಗೆ ತೋರಿಸಿ. ಅವರು ಪಿಎಸ್‌ಎಂಎ ಪೆಟ್ ಸ್ಕ್ಯಾನ್‌ನಂಥ ಪರೀಕ್ಷೆ ಹೇಳಬಹುದು. ಹೊಸದಾಗಿ ಶುರುವಾಗಿ ಬಿಡದೆ ಕಾಡುವ ಬೆನ್ನುನೋವು ಅಥವಾ ಮೂಳೆನೋವು, ಮೂತ್ರದಲ್ಲಿ ರಕ್ತ ಕಂಡರೆ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಕಾಲಿನಲ್ಲಿ ಶಕ್ತಿ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಪಿಎಸ್‌ಎ ಎಷ್ಟೇ ಇರಲಿ ಅಂದೇ ಆಸ್ಪತ್ರೆಗೆ ಹೋಗಿ.

ಹಗ್ಗಿನ್ಸ್ 1997ರ ಜನವರಿ 12ರಂದು ಶಿಕಾಗೊದಲ್ಲಿ ತೀರಿಕೊಂಡರು. 95 ವರ್ಷವಾಗಿತ್ತು. ಅದೇ ವರ್ಷ ಜುಲೈನಲ್ಲಿ ಯುರೋಪಿನ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಪ್ರಾಸ್ಟೇಟ್ ಸುತ್ತ ಹಬ್ಬಿದ ಕ್ಯಾನ್ಸರ್ ಇದ್ದ ಸುಮಾರು 400 ಮಂದಿಯಲ್ಲಿ ಅರ್ಧ ಜನರಿಗೆ ರೇಡಿಯೇಷನ್ ಮಾತ್ರ, ಉಳಿದವರಿಗೆ ರೇಡಿಯೇಷನ್ ಜೊತೆ ಮೂರು ವರ್ಷ ಹಾರ್ಮೋನ್ ಇಂಜೆಕ್ಷನ್ ಕೊಟ್ಟಿದ್ದರು. ಐದು ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ಶೇ 62 ಮಂದಿ, ಎರಡನೆಯ ಗುಂಪಿನಲ್ಲಿ ಶೇ 79 ಮಂದಿ ಬದುಕಿದ್ದರು. ನಿಮ್ಮ ಡಾಕ್ಟರು ರೇಡಿಯೇಷನ್ ಜೊತೆಗೆ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಅದಕ್ಕೆ ಈ ಅಧ್ಯಯನವೂ ಒಂದು ಕಾರಣ.